ಮಂಜಿನ ಕಾಡಿನ ಪುಟಾಣಿ ಆರ್ಕಿಡ್‌ಗಳನ್ನು ಮನೆಯಲ್ಲಿ ಬೆಳೆಸುವ ಬಗೆ

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರಿನಿಂದ 3,000 ಮೀಟರ್ ಎತ್ತರದವರೆಗೆ, ಮಳೆ ಬಾರದ ಹೊತ್ತಿನಲ್ಲೂ ಮೋಡವೇ ಮರಗಳ ನಡುವೆ ಹಾದುಹೋಗುತ್ತಾ ಕೊಂಬೆಗಳನ್ನು ತೋಯಿಸುವ ಕಾಡುಗಳಿವೆ. ಕೊಲಂಬಿಯಾ, ಈಕ್ವೆಡಾರ್ ಮತ್ತು ಪೆರು ದೇಶಗಳಲ್ಲಿ ಹಬ್ಬಿರುವ, ಕೋಸ್ಟರಿಕದ ಮಾಂಟೆವರ್ಡೆಯಂಥ ಬೆಟ್ಟಗಳಲ್ಲೂ ಕಾಣಸಿಗುವ ಈ ಮಂಜಿನ ಕಾಡುಗಳಲ್ಲಿ ಪಾಚಿ ಹೊದೆಯದ ಕೊಂಬೆಯೇ ಅಪರೂಪ. ಆ ಪಾಚಿಯಲ್ಲಿ ಬೇರೂರಿ, ಬೆರಳಿನ ಉದ್ದವನ್ನೂ ಮೀರದೆ ಬದುಕು ಸಾಗಿಸುವ ಆರ್ಕಿಡ್‌ಗಳ ಜಾತಿಗಳನ್ನು ಸಾವಿರದ ಲೆಕ್ಕದಲ್ಲಿ ಎಣಿಸಬೇಕು. ಈಕ್ವೆಡಾರ್ ಒಂದರಲ್ಲೇ 4,000ಕ್ಕೂ ಹೆಚ್ಚು ಜಾತಿಯ ಆರ್ಕಿಡ್‌ಗಳಿದ್ದು, ಅವುಗಳಲ್ಲಿ ದೊಡ್ಡ ಪಾಲು ಇಂಥ ಚಿಕ್ಕ ಗಿಡಗಳದ್ದೇ ಆಗಿದೆ.

ಇವುಗಳಲ್ಲಿ ಹೆಚ್ಚಿನವು ಪ್ಲೂರೋಥಲಿಡ್ ಎಂಬ ಬಳಗಕ್ಕೆ ಸೇರಿವೆ. ಮಾಸ್ಡೆವಾಲಿಯಾ, ಲೆಪಾಂತೀಸ್, ಡ್ರಾಕುಲಾ, ರೆಸ್ಟ್ರೇಪಿಯಾ, ಸ್ಟೀಲಿಸ್, ಪ್ಲಾಟಿಸ್ಟೀಲೆ ಎಂಬ ಕುಲಗಳು ಬೆಳೆಗಾರರಿಗೆ ಹೆಚ್ಚು ಪರಿಚಿತ. ಲೆಪಾಂತೀಸ್ ಕುಲದಲ್ಲಿಯೇ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಪ್ಲಾಟಿಸ್ಟೀಲೆ ಜಂಗರ್ಮನ್ನಿಯಾಯ್ಡೀಸ್ ಎಂಬ ಜಾತಿಯ ಹೂವು ಸಾಸಿವೆ ಕಾಳಿಗಿಂತ ತುಸು ದೊಡ್ಡದಿರಬಹುದು, ಅಷ್ಟೆ. ಕಾರ್ಲ್ ಲೂಯರ್ ಎಂಬ ಅಮೆರಿಕನ್ ಸಸ್ಯತಜ್ಞರು 1978ರಲ್ಲಿ ಮಾಸ್ಡೆವಾಲಿಯಾದಿಂದ ಬೇರ್ಪಡಿಸಿ ಡ್ರಾಕುಲಾ ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ಕೋತಿಯ ಮುಖದಂತೆ ಕಾಣುವ ಹೂವೆಂದು ಚಿತ್ರಗಳಲ್ಲಿ ಎಲ್ಲರೂ ನೋಡಿರುವ ಡ್ರಾಕುಲಾ ಸಿಮಿಯಾ ಈ ಕುಲದ್ದೇ.

ಈ ಗಿಡಗಳನ್ನು ಬೆಳೆಸಲು ಹೊರಟವರಲ್ಲಿ ಬಹುಮಂದಿ ಮೊದಲು ಯೋಚಿಸುವುದು ತೇವಾಂಶದ ಬಗ್ಗೆ. ತೇವಾಂಶ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಜಿನ ಪೆಟ್ಟಿಗೆಯೊಂದರಲ್ಲಿ ಶೇಕಡಾ 90ರಷ್ಟು ತೇವಾಂಶವನ್ನು ಉಳಿಸುವುದು ಯಾರಿಗೂ ಕಷ್ಟದ ಕೆಲಸವಲ್ಲ. ಗಿಡದ ಅಳಿವು ಉಳಿವನ್ನು ನಿರ್ಧರಿಸುವುದು ರಾತ್ರಿಯ ತಂಪು ಮತ್ತು ನಿಲ್ಲದೆ ಆಡುವ ಗಾಳಿ. ಈ ಎರಡನ್ನು ಸಾಧಿಸಿದವರು ಉಳಿದ ಕೊರತೆಗಳನ್ನು ಸರಿತೂಗಿಸಿಕೊಳ್ಳಬಹುದು. ಇವೆರಡೂ ಇಲ್ಲದೆ ಬರಿಯ ತೇವವನ್ನು ಹೆಚ್ಚಿಸಿದರೆ ಗಿಡ ಕೊಳೆಯುವುದು ಬೇಗವಾಗುತ್ತದೆ.

ರಾತ್ರಿಯ ತಂಪು ಏಕೆ ಬೇಕು

ಹಗಲಿನಲ್ಲಿ ಎಲೆಗಳು ತಯಾರಿಸಿದ ಸಕ್ಕರೆಯನ್ನು ಗಿಡವು ಇಡೀ ದಿನ, ರಾತ್ರಿಯೂ ಸೇರಿದಂತೆ, ಉಸಿರಾಟಕ್ಕಾಗಿ ವ್ಯಯಿಸುತ್ತದೆ, ಮತ್ತು ಉಷ್ಣತೆ ಏರಿದಷ್ಟೂ ಈ ವ್ಯಯ ಹೆಚ್ಚುತ್ತದೆ. ತಮ್ಮ ನೆಲೆಯಲ್ಲಿ ಈ ಗಿಡಗಳು ಹಗಲು 18ರಿಂದ 22 ಡಿಗ್ರಿ ಸೆಲ್ಸಿಯಸ್, ರಾತ್ರಿ 8ರಿಂದ 13 ಡಿಗ್ರಿಯ ಆಸುಪಾಸಿಗೆ ಹೊಂದಿಕೊಂಡಿವೆ. ರಾತ್ರಿಯೂ 24 ಡಿಗ್ರಿ ಇರುವ ಕೋಣೆಯಲ್ಲಿಟ್ಟರೆ ಗಳಿಕೆಗಿಂತ ಖರ್ಚು ಮೀರುತ್ತದೆ. ಡೆಂಡ್ರೋಬಿಯಂ ಅಥವಾ ಕ್ಯಾಟ್ಲಿಯಾದಂಥ ಆರ್ಕಿಡ್‌ಗಳಿಗೆ ನೀರು ಮತ್ತು ಆಹಾರವನ್ನು ಕೂಡಿಡುವ ದಪ್ಪನೆಯ ಹುಸಿಗಡ್ಡೆಗಳಿರುತ್ತವೆ. ಪ್ಲೂರೋಥಲಿಡ್‌ಗಳಿಗೆ ಅವೇ ಇಲ್ಲ. ತೆಳುವಾದ ಕಾಂಡದ ತುದಿಯಲ್ಲಿ ಒಂದೇ ಎಲೆ, ಬುಡದಲ್ಲಿ ಕೂದಲೆಳೆಯಂಥ ಬೇರುಗಳು, ಇಷ್ಟೇ ಅದರ ಆಸ್ತಿ. ಆದ್ದರಿಂದಲೇ ಬಿಸಿಗೆ ಸಿಕ್ಕ ಗಿಡವು ತಿಂಗಳೆರಡು ತಿಂಗಳು ಚೆನ್ನಾಗಿಯೇ ಕಂಡು, ಆಮೇಲೆ ಒಮ್ಮೆಲೇ ಎಲೆಗಳನ್ನು ಉದುರಿಸಿಬಿಡುತ್ತದೆ.

ಇದು ಹೊಸ ಪಾಠವೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ, ಉಷ್ಣವಲಯದ ಆರ್ಕಿಡ್ ಎಂದರೆ ಬಿಸಿ ಬೇಕು ಎಂದು ನಂಬಿ, ಆಂಡಿಸ್‌ನ ಎತ್ತರದಿಂದ ತಂದ ಗಿಡಗಳನ್ನೂ ಹಬೆಯಾಡುವ ಗಾಜಿನ ಮನೆಗಳಲ್ಲಿ ಇಟ್ಟು ಅಪಾರ ಸಂಖ್ಯೆಯಲ್ಲಿ ಕೊಂದರು. ಜೇಮ್ಸ್ ಬೇಟ್‌ಮನ್ ಅವರಂಥ ಬೆಳೆಗಾರರು ತಂಪಿನ ಪದ್ಧತಿಯನ್ನು ಪ್ರತಿಪಾದಿಸಿದ ಮೇಲೆಯೇ ಈ ಗಿಡಗಳು ಯುರೋಪಿನಲ್ಲಿ ನೆಲೆ ಕಂಡವು.

ಗಿಡಕ್ಕಿಂತ ಮೊದಲು ಮಾಪಕ

ಗಿಡವನ್ನು ಕೊಳ್ಳುವ ಮೊದಲು ಕನಿಷ್ಠ ಮತ್ತು ಗರಿಷ್ಠ ಉಷ್ಣತೆ ಹಾಗೂ ತೇವಾಂಶವನ್ನು ದಾಖಲಿಸುವ ಚಿಕ್ಕ ಡಿಜಿಟಲ್ ಮಾಪಕವೊಂದನ್ನು ಕೊಂಡು, ಗಿಡ ಇಡಬೇಕೆಂದಿರುವ ಜಾಗದಲ್ಲಿಯೇ ಇಟ್ಟು, ಕನಿಷ್ಠ ಪಕ್ಷ ಒಂದು ಬೇಸಿಗೆಯ ಅಂಕಿಗಳನ್ನಾದರೂ ಬರೆದಿಟ್ಟುಕೊಳ್ಳಬೇಕು. ಹವಾಮಾನ ವರದಿಯ ಅಂಕಿಯನ್ನು ನಂಬಿ ಹೊರಡುವುದು ಸರಿಯಲ್ಲ, ಏಕೆಂದರೆ ಹಗಲೆಲ್ಲ ಕಾದ ಕಾಂಕ್ರೀಟ್ ಗೋಡೆ ರಾತ್ರಿಯಿಡೀ ಶಾಖವನ್ನು ಹೊರಸೂಸುತ್ತಲೇ ಇರುತ್ತದೆ.

ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕವನ್ನು ಇಟ್ಟುಕೊಂಡರೆ ನಮ್ಮ ಊರುಗಳ ಸಾಧ್ಯತೆ ತಿಳಿಯುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳು 16 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಚಳಿಗಾಲ ಈ ಗಿಡಗಳಿಗೆ ಹಿತವಾಗಿಯೇ ಇರುತ್ತದೆ. ಹಗಲು 34, ರಾತ್ರಿ 22 ಡಿಗ್ರಿ ಇರುವ ಏಪ್ರಿಲ್ ತಿಂಗಳನ್ನು ದಾಟಿಸುವುದೇ ಕಷ್ಟ. ಮಡಿಕೇರಿ, ಚಿಕ್ಕಮಗಳೂರಿನ ಮೇಲ್ಭಾಗದ ಎಸ್ಟೇಟುಗಳಂಥ ಕಡೆ ವರ್ಷದ ಹೆಚ್ಚಿನ ರಾತ್ರಿಗಳು ತಾವಾಗಿಯೇ ತಂಪಾಗಿರುತ್ತವೆ. ಬೇಸಿಗೆಯ ರಾತ್ರಿಗಳಲ್ಲೂ 25 ಡಿಗ್ರಿಯಿಂದ ಕೆಳಗಿಳಿಯದ ಮಂಗಳೂರು, ಉಡುಪಿ, ಕಾರವಾರದಲ್ಲಿ ಯಂತ್ರದ ತಂಪಿಲ್ಲದೆ ಈ ಗಿಡಗಳಿಗೆ ಕೈಹಾಕಬಾರದು. ಸ್ಯಾನ್ ಫ್ರಾನ್ಸಿಸ್ಕೋದ ಸಮುದ್ರ ತೀರದ ಮಂಜಿನಲ್ಲಿ ನೆಲೆಸಿರುವ ಕನ್ನಡಿಗರು ಈ ವಿಷಯದಲ್ಲಿ ಅದೃಷ್ಟವಂತರು. ಅಲ್ಲಿ ಹಲವು ಮಾಸ್ಡೆವಾಲಿಯಾಗಳನ್ನು ಮನೆಯ ಹೊರಗಿನ ನೆರಳಿನಲ್ಲಿಯೇ ಬೆಳೆಸುತ್ತಾರೆ.

ಮಲೆನಾಡಿನವರಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕುದುರೆಮುಖ, ಬಾಬಾಬುಡನ್‌ಗಿರಿ, ಪುಷ್ಪಗಿರಿಯ ಶೋಲಾ ಕಾಡುಗಳಲ್ಲಿ ಪಾಚಿ ಮೆತ್ತಿದ ಮರಗಳನ್ನೂ, ಅವುಗಳ ಮೇಲಿನ ಒಬೆರೋನಿಯಾ, ಬಲ್ಬೋಫಿಲಂನಂಥ ಪುಟ್ಟ ಆರ್ಕಿಡ್‌ಗಳನ್ನೂ ಕಂಡವರಿಗೆ ಎರಡೂ ಒಂದೇ ಬಗೆಯ ಕಾಡು ಎನಿಸುವುದು ಸಹಜ. ಆದರೆ ನಮ್ಮಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದುಹೋಗಿ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಕಾಡು ಒಣಗುತ್ತದೆ. ನಮ್ಮ ಆರ್ಕಿಡ್‌ಗಳು ಆ ಒಣ ತಿಂಗಳುಗಳನ್ನು ತಾಳಿಕೊಳ್ಳಲು ಕಲಿತಿವೆ, ಕೆಲವು ಎಲೆಯನ್ನೂ ಉದುರಿಸಿ ಕಾಯುತ್ತವೆ. ವರ್ಷವಿಡೀ ತೇವ ಕಾಣುವ ಆಂಡಿಸ್‌ನ ಗಿಡಕ್ಕೆ ಅಂಥ ತಾಳಿಕೆ ಇಲ್ಲ. ಮಡಿಕೇರಿಯಲ್ಲಿ ಬೆಳೆಸುವವರೂ ಜನವರಿಯ ನಂತರದ ಒಣ ಮಧ್ಯಾಹ್ನಗಳಿಗೆ ಸಿದ್ಧರಾಗಿರಬೇಕು.

ಯಾವ ಗಿಡದಿಂದ ಆರಂಭಿಸಬೇಕು

ಆರಂಭಿಕರು ಸ್ಪೆಕ್ಲಿನಿಯಾ ಗ್ರೋಬಿಯೈ, ರೆಸ್ಟ್ರೇಪಿಯಾ ಬ್ರಾಕಿಪಸ್, ಮಾಸ್ಡೆವಾಲಿಯಾ ಫ್ಲೋರಿಬಂಡಾ, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇವು ತುಸು ಕೆಳಗಿನ ಎತ್ತರಗಳಲ್ಲೂ ಬೆಳೆಯುವ ಜಾತಿಗಳಾದ್ದರಿಂದ ಕೆಲವು ವಾರಗಳ ಬಿಸಿಯನ್ನು ಸಹಿಸುತ್ತವೆ. ಲೆಪಾಂತೀಸ್‌ಗಳಲ್ಲಿ ಎಲೆಯ ಮೇಲೆ ಕಂದು ಬಣ್ಣದ ಬಲೆಯ ಚಿತ್ತಾರವಿರುವ ಕ್ಯಾಲೋಡಿಕ್ಟಿಯಾನ್ ಜಾತಿಯನ್ನು, ಒಂದು ಬೇಸಿಗೆಯನ್ನು ಯಶಸ್ವಿಯಾಗಿ ದಾಟಿಸಿದ ನಂತರ ಪ್ರಯತ್ನಿಸಬಹುದು. ಪೆರುವಿನ ಮಾಚು ಪಿಚು ಪ್ರದೇಶದ ಕಿತ್ತಳೆ ಬಣ್ಣದ ಮಾಸ್ಡೆವಾಲಿಯಾ ವೀಚಿಯಾನಾ, ಡ್ರಾಕುಲಾದ ಹೆಚ್ಚಿನ ಜಾತಿಗಳು, ಮತ್ತು ಈ ಬಳಗಕ್ಕೆ ಸೇರದಿದ್ದರೂ ಇಂಥದೇ ವಾತಾವರಣ ಬೇಡುವ ನ್ಯೂಗಿನಿಯ ಡೆಂಡ್ರೋಬಿಯಂ ಕತ್ಬರ್ಟ್‌ಸೋನಿಯೈ ಇವುಗಳನ್ನು ರಾತ್ರಿಯ ಉಷ್ಣತೆಯನ್ನು ಖಚಿತವಾಗಿ 15 ಡಿಗ್ರಿಗಿಂತ ಕೆಳಗಿಡಬಲ್ಲವರು ಮಾತ್ರ ಕೊಳ್ಳಬೇಕು. ಹೂವಿನ ಚಿತ್ರಕ್ಕೆ ಮನಸೋತು ಗಿಡ ಕೊಳ್ಳುವುದಕ್ಕಿಂತ, ಅದು ಯಾವ ಎತ್ತರದಲ್ಲಿ ಬೆಳೆಯುತ್ತದೆಂದು ಕೇಳಿ ತಿಳಿದು ಕೊಳ್ಳುವುದು ಗಿಡಕ್ಕೂ ಒಳಿತು, ಹಣಕ್ಕೂ ಒಳಿತು.

ಪೆಟ್ಟಿಗೆ, ಗಾಳಿ, ತಂಪು

ಅಗಲ ಮತ್ತು ಆಳ 45 ಸೆಂಟಿಮೀಟರ್, ಎತ್ತರ 60 ಸೆಂಟಿಮೀಟರ್ ಇರುವ ಮುಂಬಾಗಿಲಿನ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಗಿಡಗಳು ಆರಾಮವಾಗಿ ಇರುತ್ತವೆ. ಮೀನಿನ ತೊಟ್ಟಿಯನ್ನೂ ಬಳಸಬಹುದು, ಆದರೆ ಮೇಲಿನಿಂದ ಮಾತ್ರ ಕೈ ಹಾಕಬೇಕಾದ್ದರಿಂದ ಗಿಡಗಳನ್ನು ನೋಡಿಕೊಳ್ಳುವುದು ಕಷ್ಟ. ತಳದಲ್ಲಿ ಪ್ಲಾಸ್ಟಿಕ್ ಜಾಲರಿಯನ್ನು ಕಾಲುಗಳ ಮೇಲೆ ಎತ್ತರಿಸಿ ಇಟ್ಟು, ಬಸಿದ ನೀರು ಅದರ ಕೆಳಗೆ ಸೇರುವಂತೆಯೂ, ಆ ನೀರನ್ನು ಕೊಳವೆಯಿಂದ ಹೊರತೆಗೆಯುವಂತೆಯೂ ಮಾಡಬೇಕು. ಯಾವ ಕುಂಡವೂ ನಿಂತ ನೀರನ್ನು ಮುಟ್ಟಬಾರದು.

ಒಳಗೆ ಕಂಪ್ಯೂಟರಿಗೆ ಬಳಸುವ 80 ಮಿಲಿಮೀಟರಿನ 12 ವೋಲ್ಟ್ ಫ್ಯಾನ್ ಒಂದನ್ನು ಹಗಲೂ ರಾತ್ರಿ ಓಡಿಸಬೇಕು. ಗಾಳಿ ನೇರವಾಗಿ ಗಿಡಕ್ಕೆ ಬೀಸದೆ ಗಾಜಿಗೆ ಬಡಿದು ಸುತ್ತಿ ಬರಬೇಕು. ತೆಳುವಾದ ಎಲೆಗಳು ಕಂಡೂ ಕಾಣದಂತೆ ಅಲುಗಿದರೆ ಅಷ್ಟು ಸಾಕು. ಮೇಲ್ಮುಚ್ಚಳದಲ್ಲಿ ಒಂದು ಸೀಳನ್ನೂ, ಕೆಳಭಾಗದಲ್ಲಿ ಇನ್ನೊಂದನ್ನೂ ಬಿಟ್ಟರೆ ಒಳಗಿನ ಗಾಳಿ ನಿಧಾನವಾಗಿ ಬದಲಾಗುತ್ತದೆ. ಗಾಜಿನ ಮೇಲೆ ದಿನವಿಡೀ ನೀರಹನಿ ಇಳಿಯುತ್ತಿದ್ದರೆ ಗಾಳಿಯಾಟ ಸಾಲದೆಂದು ತಿಳಿಯಬೇಕು. ತೇವಾಂಶವು ಹಗಲು ಶೇಕಡಾ 75ರಿಂದ 85, ರಾತ್ರಿ 90ಕ್ಕಿಂತ ಮೇಲೆ ಇದ್ದರೆ ಸರಿಯಾಗುತ್ತದೆ.

ತಂಪಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ಮಂಜು ಹೊಮ್ಮಿಸುವ ಯಂತ್ರವಿಟ್ಟರೆ ಪೆಟ್ಟಿಗೆ ತಾನಾಗಿ ತಣ್ಣಗಾಗುತ್ತದೆ ಎಂಬುದು. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ ಎಂಬುದು ನಿಜ, ಆದರೆ ಒಣ ಗಾಳಿಯಲ್ಲಿ ಮಾತ್ರ ನೀರು ಬೇಗ ಆವಿಯಾಗುತ್ತದೆ. ಮುಚ್ಚಿದ ಪೆಟ್ಟಿಗೆಯ ಗಾಳಿ ಕೆಲವೇ ನಿಮಿಷಗಳಲ್ಲಿ ತೇವದಿಂದ ತುಂಬಿಬಿಡುವುದರಿಂದ ಅಲ್ಲಿಂದಾಚೆಗೆ ಎಷ್ಟು ಮಂಜು ಹಾಯಿಸಿದರೂ ಉಷ್ಣತೆ ಇಳಿಯುವುದಿಲ್ಲ. ಗಿಡ ಬಿಸಿಯಲ್ಲೇ ನೆನೆಯುತ್ತಾ ಕೊಳೆಯುತ್ತದೆ. ಬೆಂಗಳೂರಿನ ಒಣ ಮಾರ್ಚ್ ತಿಂಗಳಲ್ಲಿ, ನೆರಳುಬಲೆ ಕಟ್ಟಿದ ಬಾಲ್ಕನಿಯಲ್ಲಿ ಒದ್ದೆ ಪ್ಯಾಡಿನ ಮೂಲಕ ಹೊರಗಾಳಿಯನ್ನು ಎಳೆದು ಸಾಗಹಾಕುವ ವ್ಯವಸ್ಥೆಯಾದರೆ ಕೆಲವು ಡಿಗ್ರಿ ಇಳಿಸಬಹುದು.

ಖಚಿತವಾದ ದಾರಿ ಎರಡು. ಮೊದಲನೆಯದು, ರಾತ್ರಿ ಹೇಗೂ ಏಸಿ ಹಾಕುವ ಕೋಣೆಯಲ್ಲಿಯೇ ಪೆಟ್ಟಿಗೆಯನ್ನು ಇಡುವುದು. ಏಸಿಯನ್ನು 18 ಡಿಗ್ರಿಗೆ ಇಟ್ಟರೆ ಪೆಟ್ಟಿಗೆಯೊಳಗೆ ಅದರ ಆಸುಪಾಸಿನ ಉಷ್ಣತೆ ಸಿಗುತ್ತದೆ, ಮತ್ತು ಏಸಿ ಕೋಣೆಯ ಗಾಳಿಯನ್ನು ಒಣಗಿಸಿದರೂ ಪೆಟ್ಟಿಗೆ ತನ್ನ ತೇವವನ್ನು ಉಳಿಸಿಕೊಳ್ಳುತ್ತದೆ. ಎರಡನೆಯದು, ಗಾಜಿನ ಬಾಗಿಲಿನ ವೈನ್ ಕೂಲರ್ ಅಥವಾ ಅಂಗಡಿಗಳಲ್ಲಿ ತಂಪು ಪಾನೀಯ ಇಡುವ ಹಳೆಯ ಫ್ರಿಜ್ ಒಂದನ್ನು ಬದಲಾಯಿಸಿಕೊಳ್ಳುವುದು. ಫ್ರಿಜ್ಜಿನ ಸ್ವಂತ ನಿಯಂತ್ರಕವು ಗಿಡಕ್ಕೆ ಬೇಕಾದುದಕ್ಕಿಂತ ಹೆಚ್ಚು ತಂಪು ಮಾಡುವುದರಿಂದ ಹೊರಗಿನಿಂದ ಪ್ರತ್ಯೇಕ ಥರ್ಮೋಸ್ಟಾಟ್ ಜೋಡಿಸಿ, ಹಗಲು 21, ರಾತ್ರಿ 13 ಡಿಗ್ರಿಗೆ ಹೊಂದಿಸಬೇಕು. ತಣ್ಣನೆಯ ಸುರುಳಿಯ ಮೇಲೆ ತೇವವೆಲ್ಲ ನೀರಾಗಿ ಇಳಿದುಹೋಗುವುದರಿಂದ ಇಲ್ಲಿ ಮಂಜಿನ ಯಂತ್ರ ನಿಜಕ್ಕೂ ಬೇಕಾಗುತ್ತದೆ. ಎರಡೂ ಕಡೆ ಎಲ್‌ಇಡಿ ದೀಪಕ್ಕೆ ವಿದ್ಯುತ್ ಹೊಂದಿಸಿಕೊಡುವ ಡ್ರೈವರ್ ಎಂಬ ಭಾಗವನ್ನು ಪೆಟ್ಟಿಗೆಯ ಹೊರಗೆ ಇಡಬೇಕು, ಏಕೆಂದರೆ ಶಾಖದ ಒಂದು ಪಾಲು ಬರುವುದು ಅಲ್ಲಿಂದಲೇ.

ಬೆಳಕಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. 6,500 ಕೆಲ್ವಿನ್‌ನ ಬಿಳಿ ಎಲ್‌ಇಡಿ ದಿನಕ್ಕೆ 12 ಗಂಟೆ ಸಾಕು. ಮಾಸ್ಡೆವಾಲಿಯಾಗೆ 10,000ದಿಂದ 15,000 ಲಕ್ಸ್, ಲೆಪಾಂತೀಸ್ ಮತ್ತು ಡ್ರಾಕುಲಾಗಳಿಗೆ ಅದರ ಅರ್ಧದಷ್ಟು. ಎಲೆ ನೇರಳೆ ಛಾಯೆಗೆ ತಿರುಗಿದರೆ ಬೆಳಕು ಹೆಚ್ಚಾಗಿದೆ, ಕಡುಹಸಿರಾಗಿ ಉದ್ದಕ್ಕೆ ಬಾಗಿದರೆ ಕಡಿಮೆಯಾಗಿದೆ.

ನೀರು, ಪಾಚಿ, ಗೊಬ್ಬರ

ಈ ಗಿಡಗಳಿಗೆ ಮೋಡದಿಂದ ಬರುವ, ಲವಣವೇ ಇಲ್ಲದಂಥ ನೀರಿನ ಅಭ್ಯಾಸ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಕೆಲವೇ ತಿಂಗಳಲ್ಲಿ ಎಲೆಯ ತುದಿಗಳು ಕಪ್ಪಾಗಿ, ಪಾಚಿಯ ಮೇಲೆ ಬಿಳಿ ಪುಡಿ ಕೂರುತ್ತದೆ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮಾಪಕದಲ್ಲಿ 50 ಪಿಪಿಎಂ ದಾಟದ ನೀರನ್ನೇ ಬಳಸಬೇಕು. ಮಲೆನಾಡಿನಲ್ಲಿ ಮೊದಲ ಮಳೆಗಳು ಮಾಡನ್ನು ತೊಳೆದುಹೋದ ಮೇಲೆ ಹಿಡಿದಿಟ್ಟ ಮಳೆನೀರಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಬೆಳಕು ಬೀಳದ ಡ್ರಮ್ಮಿನಲ್ಲಿ ಮುಚ್ಚಿಟ್ಟರೆ ಬೇಸಿಗೆಗೂ ಒದಗುತ್ತದೆ. ನಗರದಲ್ಲಿ ಆರ್‌ಒ ಯಂತ್ರದ ನೀರು ಆದೀತು, ಆದರೆ ರುಚಿಗಾಗಿ ಲವಣ ಸೇರಿಸುವ ಯಂತ್ರಗಳಿರುವುದರಿಂದ ಅದನ್ನೂ ಅಳೆದು ನೋಡಬೇಕು.

ಗಿಡಗಳನ್ನು ಎರಡು ಇಂಚಿನ ಜಾಲರಿ ಕುಂಡಗಳಲ್ಲಿ ಒಣ ಸ್ಫ್ಯಾಗ್ನಮ್ ಪಾಚಿಯನ್ನು ನೆನೆಸಿ ತುಂಬಿ ನೆಡಬಹುದು, ಇಲ್ಲವೇ ಕಾರ್ಕ್ ತೊಗಟೆಯ ತುಂಡಿಗೆ ತೆಳುವಾದ ಪಾಚಿಯ ಪದರವಿಟ್ಟು ಮೀನುಗಾಳದ ದಾರದಿಂದ ಕಟ್ಟಬಹುದು. ಪಾಚಿಯನ್ನು ಒತ್ತಿ ತುಂಬಬಾರದು. ಕೂದಲೆಳೆಯಂಥ ಬೇರುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಡ್ರಾಕುಲಾದ ಹೂದಂಟು ಕೆಳಮುಖವಾಗಿ ಪಾಚಿಯನ್ನು ಸೀಳಿಕೊಂಡು ಹೊರಬರುವುದರಿಂದ ಅದನ್ನು ತಳ ತೆರೆದ ಬುಟ್ಟಿಯಲ್ಲಿಯೇ ನೆಟ್ಟು ನೇತುಹಾಕಬೇಕು. ತೆಂಗಿನ ಸಿಪ್ಪೆ ಬಳಸುವವರು ಹಲವು ಬಾರಿ ನೀರು ಬದಲಿಸಿ ನೆನೆಸಿ ಅದರ ಉಪ್ಪನ್ನು ಕಳೆಯಬೇಕು. ಕಾಡಿನ ಮರಗಳಿಂದ ಪಾಚಿಯನ್ನು ಕೆತ್ತಿ ತರುವುದನ್ನು, ಮರ ಜರೀಗಿಡವನ್ನು ಕಡಿದು ತರುವುದನ್ನು ಯಾರೂ ಮಾಡಬಾರದು. ಬೋಳಾದ ಕೊಂಬೆಯ ಮೇಲೆ ಆ ಪಾಚಿ ಮತ್ತೆ ಹಬ್ಬಲು ಬಹಳ ವರ್ಷಗಳು ಬೇಕಾಗುತ್ತವೆ, ಜೊತೆಗೆ ಬಸವನಹುಳುವಿನ ಮೊಟ್ಟೆಗಳೂ ಮನೆಗೆ ಬರುತ್ತವೆ.

ನೀರು ಯಾವಾಗ ಹಾಕಬೇಕೆಂಬುದನ್ನು ಪಾಚಿಯೇ ಹೇಳುತ್ತದೆ. ಪೂರ್ತಿ ನೆಂದ ಸ್ಫ್ಯಾಗ್ನಮ್ ಕಂದು ಛಾಯೆಯಲ್ಲಿರುತ್ತದೆ. ಒಣಗುತ್ತಾ ಬಂದಂತೆ ಮೇಲಿನ ಎಳೆಗಳ ತುದಿ ಮೊದಲು ಹುಲ್ಲಿನ ಬಣ್ಣಕ್ಕೆ, ಆಮೇಲೆ ಬಿಳುಪಿಗೆ ತಿರುಗುತ್ತದೆ. ತುದಿಗಳು ಹುಲ್ಲಿನ ಬಣ್ಣಕ್ಕೆ ಬಂದು, ಬೆರಳಿಟ್ಟರೆ ಒಳಗಡೆ ಇನ್ನೂ ತಂಪು ತಗಲುವ ಹಂತದಲ್ಲಿ ನೀರು ಕೊಡಬೇಕು, ಬಿಳುಪಾಗುವವರೆಗೆ ಕಾಯಬಾರದು. ತೊಗಟೆಗೆ ಕಟ್ಟಿದ ಗಿಡಗಳಿಗೆ ಬೆಳಿಗ್ಗೆಯೊಮ್ಮೆ, ಸಂಜೆಗೆ ಮುನ್ನ ಇನ್ನೊಮ್ಮೆ ತುಂತುರು ಬೇಕಾಗುತ್ತದೆ. ಎಳೆ ಚಿಗುರಿನ ಸಂದಿಯಲ್ಲಿ ನಿಂತ ನೀರು ರಾತ್ರಿಯೊಳಗೆ ಆರುವಂತಿರಲಿ.

ಗೊಬ್ಬರವನ್ನು ಬಹಳ ತೆಳುವಾಗಿ ಕೊಡಬೇಕು: ಲೀಟರಿಗೆ ಕಾಲು ಗ್ರಾಮಿನಷ್ಟು, ಚಿಗುರುವ ಕಾಲದಲ್ಲಿ ವಾರಕ್ಕೊಮ್ಮೆ, ನಡುವೆ ಬರಿಯ ನೀರು. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 19:19:19 ಗೊಬ್ಬರದಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ, ಮಳೆನೀರಿನಲ್ಲೂ ಆರ್‌ಒ ನೀರಿನಲ್ಲೂ ಅದಿಲ್ಲ. ಆದ್ದರಿಂದ ಒಂದು ವಾರ ಅದನ್ನು, ಮುಂದಿನ ವಾರ ಕ್ಯಾಲ್ಸಿಯಂ ನೈಟ್ರೇಟನ್ನು ಅಷ್ಟೇ ತೆಳುವಾಗಿ ಕೊಡಬೇಕು. ಎರಡನ್ನೂ ಒಟ್ಟಿಗೆ ಕಲಸಿದರೆ ರಂಜಕ ಮತ್ತು ಕ್ಯಾಲ್ಸಿಯಂ ಕೂಡಿ ತಳಕ್ಕಿಳಿಯುತ್ತವೆ. ಮೆಗ್ನೀಷಿಯಂಗಾಗಿ ತಿಂಗಳಿಗೊಮ್ಮೆ ಚಿಟಿಕೆ ಎಪ್ಸಮ್ ಉಪ್ಪು ಸಾಕು.

ರೋಗ, ಕೀಟ, ಹೂವು

ಚಿಪ್ಪಿಲ್ಲದ ಬಸವನಹುಳು ಈ ಗಿಡಗಳ ಮುಖ್ಯ ಶತ್ರು. ಒಂದೇ ರಾತ್ರಿಯಲ್ಲಿ ಹೂಮೊಗ್ಗುಗಳನ್ನೂ ಬೇರಿನ ತುದಿಗಳನ್ನೂ ತಿಂದು ಮುಗಿಸುತ್ತದೆ. ದೀಪ ಆರಿದ ಎರಡು ಗಂಟೆಗಳ ನಂತರ ಟಾರ್ಚ್ ಹಿಡಿದು ಎಲೆಯ ಅಡಿಭಾಗ ಮತ್ತು ಕುಂಡದ ಅಂಚುಗಳನ್ನು ನೋಡಿ, ಸಿಕ್ಕಿದ್ದನ್ನು ಚಿಮಟದಿಂದ ತೆಗೆಯಬೇಕು. ಸೌತೆಕಾಯಿಯ ಹೋಳನ್ನು ಸಂಜೆ ಇಟ್ಟರೆ ರಾತ್ರಿ ಅದರಡಿ ಸೇರುತ್ತವೆ. ಐರನ್ ಫಾಸ್ಫೇಟ್ ಗುಳಿಗೆಗಳೂ ಪರಿಣಾಮಕಾರಿ. ಹೊಸದಾಗಿ ತಂದ ಗಿಡವನ್ನು ಒಂದು ತಿಂಗಳು ಬೇರೆ ಡಬ್ಬಿಯಲ್ಲಿಟ್ಟು ಗಮನಿಸಿದ ಮೇಲೆಯೇ ಪೆಟ್ಟಿಗೆಗೆ ಸೇರಿಸಬೇಕು. ಎಲೆಯ ಮೇಲೆ ನೀರು ತುಂಬಿದಂತೆ ಕಾಣುವ ಕಂದು ಕಲೆ ಹರಡುತ್ತಿದ್ದರೆ, ಬೆಂಕಿಯಲ್ಲಿ ಕಾಯಿಸಿ ಆರಿಸಿದ ಕತ್ತರಿಯಿಂದ ಆರೋಗ್ಯವಂತ ಭಾಗದವರೆಗೆ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಸವರಿ, ಗಾಳಿಯಾಟ ಹೆಚ್ಚಿಸಬೇಕು. ಆ ಪುಡಿ ಬೇರಿಗೆ ತಗಲಿದರೆ ಬೇರು ಒಣಗುತ್ತದೆ, ಎಚ್ಚರವಿರಲಿ.

ಲೆಪಾಂತೀಸ್ ಹೂವನ್ನು ನೋಡಲು ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಬೇಕು. ಹೂವು ಎಲೆಗೆ ಅಂಟಿಕೊಂಡಂತೆ ಅರಳಿರುತ್ತದೆ. ಪಕಳೆಗಳು ಉದ್ದಕ್ಕಿಂತ ಅಗಲವಾಗಿ, ಎರಡು ಹಾಳೆಗಳಾಗಿ ಸೀಳಿ, ಹಳದಿಯಿಂದ ಕೆಂಪಿಗೆ ತಿರುಗುತ್ತವೆ. ನಡುವೆ ಇರುವ, ತುಟಿ ಎಂದು ಕರೆಯುವ ಪಕಳೆಯ ಎರಡು ಪುಟ್ಟ ಹಾಳೆಗಳು ಕಂಬದಂಥ ಭಾಗವನ್ನು ಅಪ್ಪಿಕೊಂಡಿರುತ್ತವೆ. ಅಣಬೆ ನೊಣಗಳ ಗಂಡುಗಳು ಇಂಥ ಹೂವನ್ನು ಹೆಣ್ಣೆಂದು ಭ್ರಮಿಸಿ ಕೂಡಲು ಬಂದು ಪರಾಗವನ್ನು ಒಯ್ಯುತ್ತವೆಂದು ಕೋಸ್ಟರಿಕದಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹೂ ಬಾಡಿದ ಮೇಲೆ ಆ ದಂಟನ್ನು ಕತ್ತರಿಸಬಾರದು, ಏಕೆಂದರೆ ಅದೇ ದಂಟಿನ ತುದಿಯಲ್ಲಿ ಒಂದರ ನಂತರ ಒಂದರಂತೆ ತಿಂಗಳುಗಟ್ಟಲೆ ಹೂಗಳು ಬರುತ್ತಲೇ ಇರುತ್ತವೆ. ವೆನೆಜುವೆಲಾದ ಬಿಳಿ ಹೂವಿನ ಮಾಸ್ಡೆವಾಲಿಯಾ ತೊವಾರೆನ್ಸಿಸ್ ಕೂಡ ಹಳೆಯ ದಂಟಿನಲ್ಲಿಯೇ ಮರುವರ್ಷ ಹೂ ಬಿಡುತ್ತದೆ.

ಪಾಚಿ ಕೊಳೆತು ಮೆತ್ತಗಾಗುವ ಮೊದಲೇ, ಅಂದರೆ ಒಂದರಿಂದ ಒಂದೂವರೆ ವರ್ಷಕ್ಕೊಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಂಪು ದಿನಗಳಲ್ಲಿ ಕುಂಡ ಬದಲಿಸಬೇಕು. ಭಾಗ ಮಾಡುವುದಾದರೆ ಪ್ರತಿ ಭಾಗದಲ್ಲಿ ಐದಾರು ಎಲೆಗಳಾದರೂ ಇರಲಿ. ರೆಸ್ಟ್ರೇಪಿಯಾ ಮಾತ್ರ ಇದಕ್ಕೆ ಅಪವಾದ. ಕಾಂಡದೊಡನೆ ಕತ್ತರಿಸಿದ ಒಂದೇ ಎಲೆಯನ್ನು ಒದ್ದೆ ಪಾಚಿಗೆ ಚುಚ್ಚಿಟ್ಟರೂ ಎಲೆಯ ಬುಡದಲ್ಲಿ ಮರಿಗಿಡ ಮೂಡುತ್ತದೆ.

ಗಿಡ ಪಡೆಯುವುದು, ಕರೆಂಟು ಹೋದಾಗ

ಆರ್ಕಿಡ್ ಕುಟುಂಬದ ಎಲ್ಲ ಜಾತಿಗಳೂ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿವೆ, ಭಾರತವೂ ಅದರ ಸದಸ್ಯ ರಾಷ್ಟ್ರ. ವಿದೇಶದಿಂದ ಗಿಡ ತರಿಸುವುದಾದರೆ ಅದರ ಪರವಾನಗಿಯ ಜೊತೆಗೆ, 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ರಫ್ತು ಮಾಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆರಂಭಿಕರು ಈ ಕಾಗದಪತ್ರಗಳನ್ನು ಪೂರೈಸಿ ತರಿಸಿ ಮಾರುವ ದೇಶದೊಳಗಿನ ನರ್ಸರಿಗಳಿಂದ, ಬೀಜದಿಂದ ಬೆಳೆಸಿದ ಗಿಡವೇ ಎಂದು ಕೇಳಿ ಖಚಿತಪಡಿಸಿಕೊಂಡು ಕೊಳ್ಳುವುದು ಮೇಲು. ಲೆಪಾಂತೀಸ್‌ನ ಎಷ್ಟೋ ಜಾತಿಗಳು ಒಂದೆರಡು ಬೆಟ್ಟಗಳಲ್ಲಿ ಮಾತ್ರ ಇರುವುದರಿಂದ ಕಾಡಿನಿಂದ ಕಿತ್ತ ಗಿಡವನ್ನು ಕೊಳ್ಳುವವರು ಆ ಜಾತಿಯ ಅಳಿವಿಗೇ ಕೈಜೋಡಿಸಿದಂತಾಗುತ್ತದೆ.

ಕಡೆಯದಾಗಿ, ಏಪ್ರಿಲ್ ತಿಂಗಳಲ್ಲಿ ಕರೆಂಟು ಹೋಗುವ ಸಂದರ್ಭಕ್ಕೆ ಮುಂಚೆಯೇ ಸಿದ್ಧತೆ ಇರಬೇಕು. ಪೆಟ್ಟಿಗೆಯ ಫ್ಯಾನನ್ನು 12 ವೋಲ್ಟಿನ ಚಿಕ್ಕ ಬ್ಯಾಟರಿಗೂ ಜೋಡಿಸಿಟ್ಟರೆ ಅದು ರಾತ್ರಿಯಿಡೀ ಓಡುತ್ತದೆ. ಫ್ರೀಜರಿನಲ್ಲಿ ಒಂದು ಲೀಟರಿನ ಎರಡು ನೀರಿನ ಬಾಟಲಿಗಳನ್ನು ಸದಾ ಹೆಪ್ಪುಗಟ್ಟಿಸಿ ಇಟ್ಟುಕೊಂಡು, ತಂಪು ನಿಂತ ಕೂಡಲೇ ಒಂದನ್ನು ಫ್ಯಾನಿನ ಮುಂದೆ, ಎಲೆಗಳಿಗೆ ತಾಗದಂತೆ ಇಡಬೇಕು. ಅದು ಕರಗಿದ ಮೇಲೆ ಇನ್ನೊಂದನ್ನು ಇಡಬೇಕು. ಆ ಹೊತ್ತಿನಲ್ಲಿ ದೀಪಗಳನ್ನು ಆರಿಸಿ, ಕರೆಂಟು ಬಂದು ಉಷ್ಣತೆ 22 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಮತ್ತೆ ಹಚ್ಚಬಾರದು, ಗೊಬ್ಬರವನ್ನೂ ಆ ವಾರ ಕೊಡಬಾರದು.